ದಿನ ಬಿಟ್ಟು ದಿನ

ಏಪ್ರಿಲ್ ಇಪ್ಪತ್ತು, ಸೋಮವಾರ. ಬಿಸಿಲು. ಗಾಳಿ ಇಲ್ಲ. ನಮ್ಮ ಸೇಡಂ ಎಂದಿನಂತೆ ಸಿಮೆಂಟಿನ ಬಣ್ಣಕ್ಕಿದೆ.

ಇವತ್ತು ನನ್ನ 'ದಿನ' ಅಲ್ಲ. ಆದ್ದರಿಂದ ಬರೆಯಲಿಕ್ಕೆ ಪುರುಸೊತ್ತಿದೆ.

ದಿನ ಅಂದರೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಶಹಾಬಾದಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ನೆಲಕ್ಕೆ ಹಾಸುವ ಪರಸಿಕಲ್ಲಿನ ರಾಶಿಯ ಮೇಲೆ ನಿಂತು ಲೆಕ್ಕ ಹಾಕುತ್ತಿದ್ದವನು ಕೆಳಗೆ ಬಿದ್ದೆ. ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಎದೆಯ ಕೆಳಗಿನ ಶರೀರ ನನ್ನ ಮಾತು ಕೇಳುವುದಿಲ್ಲ, ತನ್ನ ಸುದ್ದಿ ನನಗೆ ಹೇಳುವುದೂ ಇಲ್ಲ. ಜನ ಗಾಲಿಕುರ್ಚಿ ನೋಡಿ ಮರುಗುತ್ತಾರೆ. ಕಾಲಿನ ಮಾತು ಬಿಡಿ, ಅದರ ಕೆಲಸ ಗಾಲಿ ಮಾಡುತ್ತದೆ. ಕರುಳಿನ ಕೆಲಸ ಯಾವ ಗಾಲಿಯೂ ಮಾಡುವುದಿಲ್ಲ. ಬಾ ಅಂದರೆ ಅದು ಬರುವುದಿಲ್ಲ, ಬ್ಯಾಡ ಅಂದಾಗ ಬಂದುಬಿಡುತ್ತದೆ, ಬಂದದ್ದು ನನಗೆ ಎಲ್ಲರಿಗಿಂತ ಕೊನೆಗೆ ತಿಳಿಯುತ್ತದೆ. ಆದ್ದರಿಂದ ದಿನ ಬಿಟ್ಟು ದಿನ ಬೆಳಿಗ್ಗೆ, ಹೆಂಡತಿ ಕೈಗೆ ರಬ್ಬರಿನ ಗವಸು ಹಾಕಿಕೊಂಡು ಅದನ್ನು ಬೆರಳಿನಿಂದ ಎಬ್ಬಿಸಬೇಕು, ಆಮೇಲೆ ಇಬ್ಬರೂ ಒಂದು ತಾಸು ಕಾಯಬೇಕು. ಅದೇ ನನ್ನ ದಿನ.

ನಾನು ಓದಿದ ಯಾವ ಪುಸ್ತಕದಲ್ಲೂ ಈ ವಿಷಯ ಇಲ್ಲ. ಕಾವ್ಯಗಳಲ್ಲಿ ದಿನಗಟ್ಟಲೆ ಯುದ್ಧ ನಡೆಯುತ್ತದೆ, ವರ್ಷಗಟ್ಟಲೆ ವನವಾಸ ನಡೆಯುತ್ತದೆ, ಒಬ್ಬನೂ ತಂಬಿಗೆ ಹಿಡಿದು ಹೋದ ಉಲ್ಲೇಖವಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಇದರ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ. ಯಾರಾದರೂ ಬರೆದಿಡಬೇಕಲ್ಲ.

ಒಂದು ಮಾತು ತಿಳಿದಿರಲಿ. ವರ್ಷದಿಂದ ಮನೆಯಲ್ಲಿ ಒಂದೇ ಪ್ರಶ್ನೆ ಇತ್ತು: ಸುಲೇಪೇಟದ ತಂಗಿಯ ಮಗಳ ಮದುವೆಗೆ ನಾನು ಹೋಗುವುದೋ ಬಿಡುವುದೋ. ನಮ್ಮಲ್ಲಿ ಅಕ್ಕಿಕಾಳು, ಅಂದರೆ ಅಕ್ಷತೆ, ಬೀಳುವ ತನಕ ಸೋದರಮಾವ ಹುಡುಗಿಯ ಬೆನ್ನ ಹಿಂದೆ ಇರಬೇಕು, ಸರಿಯುವಂತಿಲ್ಲ. ಆಸ್ಪತ್ರೆಯಿಂದ ಬಂದಮೇಲೆ ನಾನು ಒಂದು ರಾತ್ರಿಯೂ ಮನೆ ಬಿಟ್ಟು ಉಳಿದವನಲ್ಲ. ಮಂಟಪ ತುಂಬ ಜನ ಕೂತಾಗ, ಅವಳ ರೇಷ್ಮೆ ಸೀರೆಯ ಹಿಂದೆ, ಏನಾದರೂ ಆಗಿಬಿಟ್ಟರೆ? ಕೆಳಗಿನವುಗಳಲ್ಲಿ ಮೊದಲನೆಯದು ಹಳೆಯದು, ಉಳಿದವೆಲ್ಲ ಆ ಭಯದ ಪಕ್ಕದಲ್ಲೇ ನಡೆದವು.

ಲೋಡ್ ಇಲ್ಲದ ಟ್ರಯಲ್

ಆಸ್ಪತ್ರೆಯಿಂದ ಬಂದಾಗ ನಮ್ಮ ಸಂಡಾಸಿನ ಬಾಗಿಲಲ್ಲಿ ಗಾಲಿಕುರ್ಚಿ ಹಿಡಿಸಲಿಲ್ಲ. ಸುದ್ದಿ ಶಹಾಬಾದಿಗೆ ಮುಟ್ಟಿತು. ಕಾರ್ಖಾನೆಯ ಹಳೆಯ ಸಂಗಡಿಗರು ರಜೆಯ ದಿನ ಒಂದು ಟ್ರ್ಯಾಕ್ಟರ್ ಕಲ್ಲು ಹೇರಿಕೊಂಡು ಬಂದೇಬಿಟ್ಟರು. ಗೋಡೆ ಒಡೆದರು. ಬಾಗಿಲು ಅಗಲ ಮಾಡಿದರು. ನನ್ನ ಅಳತೆ ತೆಗೆದು ಕೂಡುವ ಕಟ್ಟೆ ಕಟ್ಟಿದರು, ಅದರ ಮೇಲೆ ದಪ್ಪ ರಬ್ಬರಿನ ಮೆತ್ತೆ. ಗೋಡೆಯ ಕಲ್ಲಿಗೆ ಎಂಥ ಪಾಲಿಶ್ ಅಂದರೆ ಅದರಲ್ಲಿ ಮುಖ ನೋಡಿ ಗಡ್ಡ ಮಾಡಿಕೊಳ್ಳಬಹುದು.

ಆ ಕಾರ್ಖಾನೆಯಲ್ಲಿ ಒಂದು ರಿವಾಜು. ಹೊಸ ಮಷೀನು ಕೂಡಿಸಿದರೆ ಕುಂಕುಮ ಹಚ್ಚಿ, ತೆಂಗು ಒಡೆದು, ಎಲ್ಲರ ಎದುರಿಗೆ ಮೊದಲನೇ ಕಲ್ಲು ಹಾಕಿ ಓಡಿಸಬೇಕು. ಅದು ಆಗುವ ತನಕ ಯಾರೂ ಚಹಾ ಮುಟ್ಟುವುದಿಲ್ಲ. ಮೇಸ್ತ್ರಿ ತೆಂಗು ಒಡೆದ. ನನ್ನನ್ನು ಎತ್ತಿ ಕಟ್ಟೆಯ ಮೇಲೆ ಕೂಡಿಸಿದರು. ಆಮೇಲೆ ಎಲ್ಲರೂ ಬಾಗಿಲಲ್ಲಿ ಕೈಕಟ್ಟಿಕೊಂಡು ನಿಂತರು.

"ಹೂಂ, ಚಾಲೂ ಮಾಡ್ರಿ," ಅಂದ ಮೇಸ್ತ್ರಿ.

"ಇವತ್ತ ನನ್ನ ದಿನ ಅಲ್ಲಪಾ."

"ಹಂಗಂದ್ರ ಹ್ಯಾಂಗ್ರಿ? ಲೋಡ್ ಇಲ್ದ ಟ್ರಯಲ್ ಆಗ್ತದೇನು?"

"ನಾಳಿ ಬರ್ತದ."

"ನಾಳಿ ನಮಗ ಡ್ಯೂಟಿ ಅದರೀ."

ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಚಾ ಆರಾಕತ್ತದ, ಬರ್ರಿ ಎಲ್ಲಾರೂ!" ಯಾರೂ ಅಲುಗಲಿಲ್ಲ. ಒಬ್ಬ, ಬಸ್ ಸ್ಟ್ಯಾಂಡಿನ ಹತ್ತಿರ ಪಪ್ಪಾಯಿ ಸಿಗುತ್ತದೆ, ಓಡಿಹೋಗಿ ತರಲೇ ಎಂದು ಕೇಳಿದ. ಇನ್ನೊಬ್ಬ, ಮಂದಿ ನೋಡಿದರೆ ಇವರಿಗೆ ನಾಚಿಕೆ ಆಗುತ್ತಿರಬಹುದು, ಎಲ್ಲರೂ ಆ ಕಡೆ ಮುಖ ಮಾಡೋಣ ಅಂದ. ಎಲ್ಲರೂ ಆ ಕಡೆ ಮುಖ ಮಾಡಿದರು. ಹೋಗಲಿಲ್ಲ.

ಕೊನೆಗೆ ಮೇಸ್ತ್ರಿ ನನ್ನನ್ನು ಇಳಿಸಿ, ಒಂದು ಬಕೆಟ್ ನೀರು ಸುರಿದು, ಅದು ಸುಳಿ ತಿರುಗಿ ಹೋದದ್ದನ್ನು ಬಗ್ಗಿ ನೋಡಿ, ತೀರ್ಪು ಕೊಟ್ಟ:

"ಮಷೀನ್ ಪಾಸ್. ಮಾಲು ಪಾರ್ಟಿ ಕಡಿಂದ ಲೇಟ್ ಅದ."

ಏಕಾಗ್ರತೆ

ನನ್ನ ದಿನದಂದು ಸಪ್ಪಳ ಹೊರಗೆ ಕೇಳಬಾರದೆಂದು ಹೆಂಡತಿ ಮೊಬೈಲಿನಲ್ಲಿ ವಚನಗಳನ್ನು ಜೋರಾಗಿ ಹಚ್ಚುತ್ತಾಳೆ. ಪಕ್ಕದ ಮನೆಗೆ ತೆಂಗಳಿಯ ಕಡೆಯ ಒಬ್ಬ ಅಜ್ಜಿ ಹೊಸದಾಗಿ ಬಾಡಿಗೆಗೆ ಬಂದಿದ್ದಳು. ದಿನ ಬಿಟ್ಟು ದಿನ ಒಂದು ತಾಸು ಬಾಗಿಲು ಹಾಕಿ, ವಚನ ಹಚ್ಚಿ, ಒಳಗೆ ಅಲುಗದೆ ಕೂಡುವ ಗಂಡಸು ಅವಳ ಲೆಕ್ಕದಲ್ಲಿ ದೊಡ್ಡ ಶಿವಪೂಜೆಯವನು.

ಒಂದು ಸಂಜೆ ಬಾಳೆಹಣ್ಣು ಹಿಡಿದು ಬಂದಳು. ನೆಲದ ಮೇಲೆ ಕೂತಳು. ಗಾಲಿಕುರ್ಚಿ ಒಳಗಿತ್ತು, ನಾನು ಮಂಚದ ಮೇಲಿದ್ದೆ. ನೀವೂ ಮೇಲೆ ಕೂಡ್ರಿ ಅಂದರೂ ಕೇಳಲಿಲ್ಲ.

"ಯಪ್ಪಾ, ನಾ ಪೂಜಿಗಿ ಕುಂತ್ರ ಐದ ಮಿನಿಟದಾಗ ಏಳತೀನಿ. ಹಾಲು ಉಕ್ಕತದ, ಬೆಕ್ಕು ಬರ್ತದ, ಮನಸು ನಿಲ್ಲವಲ್ದು. ನೀವು ತಾಸಗಟ್ಟಲೆ ಹ್ಯಾಂಗ ಕುಂದ್ರತೀರಿ?"

ನಾನು ಹೆಚ್ಚು ಮಾತಿನವನಲ್ಲ. ಸುಳ್ಳು ಹೇಳುವ ಅಭ್ಯಾಸವೂ ಇಲ್ಲ. "ಅವ್ವಾ, ನನಗ ಏಳಾಕ ಬರಂಗಿಲ್ಲ," ಅಂದೆ.

ಅಜ್ಜಿ ಕೂತಲ್ಲಿಂದಲೇ ನನಗೆ ಕೈ ಮುಗಿದಳು. ಕಣ್ಣು ಒರೆಸಿಕೊಂಡಳು. ಮರುದಿನ ಹಾಲಿನವನು ಬಂದವನು ಚಪ್ಪಲಿ ಹೊರಗೆ ಬಿಟ್ಟು ಹಾಲು ಹಾಕಿದ. "ಭಾಳ ದೊಡ್ಡ ಮಾತು ಹೇಳೀರಂತ್ರಿ," ಅಂದ. "ಒಮ್ಮಿ ಕುಂತ್ರ ಏಳಬಾರದಂತ."

ಹೆಂಡತಿಗೆ ಇದು ಸರಿ ಕಾಣಲಿಲ್ಲ. ಅಜ್ಜಿಯ ಮನೆಗೆ ಹೋಗಿ ಇದ್ದ ಸಂಗತಿಯನ್ನು ಬಿಡಿಸಿ ಹೇಳಿ ಬಂದಳು. ಈಗ ಅಜ್ಜಿ ಬಾಳೆಹಣ್ಣು ತರುವುದನ್ನು ನಿಲ್ಲಿಸಿಲ್ಲ. ಕಾರಣ ಮಾತ್ರ ಬದಲಾಗಿದೆ: "ತಿನ್ರಿ, ಸಡಿಲ ಆಗ್ತದ."

ನಂದೂ ಬರಕೊಳ್ರಿ

ಬಿದ್ದಮೇಲೆ ತಹಶೀಲ್ದಾರ್ ಕಚೇರಿಯ ಎದುರು ಒಂದು ಝೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಒಂದು ಮಧ್ಯಾಹ್ನ ಗಿರಾಕಿಗಳು ತುಂಬಿದ್ದಾಗ ಫೋನು ಬಂತು. ಎರಡೂ ಕೈ ಮಷೀನಿನಲ್ಲಿದ್ದವು, ಗಿರಾಕಿಯೊಬ್ಬರಿಂದ ಸ್ಪೀಕರ್ ಹಾಕಿಸಿದೆ. ಬೆನ್ನುಹುರಿಗೆ ಪೆಟ್ಟಾದವರ ಜೀವನದ ಬಗ್ಗೆ ಅಭ್ಯಾಸ ಮಾಡುತ್ತಿದ್ದ ಒಬ್ಬ ಹುಡುಗಿ. ಬಹಳ ಮರ್ಯಾದೆಯ ದನಿ.

"ಸರ್, ಕಳೆದ ನಾಲ್ಕು ವಾರಗಳಲ್ಲಿ ಮಲವಿಸರ್ಜನೆಯ ತೊಂದರೆಯಿಂದ ನಿಮ್ಮ ಸಂತೋಷಕ್ಕೆ ಎಷ್ಟು ಬಾರಿ ಅಡ್ಡಿಯಾಗಿದೆ? ಯಾವಾಗಲೂ, ಆಗಾಗ, ಅಪರೂಪಕ್ಕೆ, ಇಲ್ಲವೇ ಇಲ್ಲ?"

ಗಿರಾಕಿಗಳೆಲ್ಲ ಫೋನಿನ ಕಡೆ ತಿರುಗಿದರು. ಸ್ಪೀಕರ್ ಆರಿಸಲು ಕೈ ಬಿಡುವಾಗಲಿಲ್ಲ, ಕಾಗದ ಸಿಕ್ಕಿಕೊಂಡಿತ್ತು. "ಆಗಾಗ," ಅಂದೆ.

"ಹೋಗುವ ಮುನ್ನ ಆತಂಕ ಆಗುತ್ತದೆಯೇ?"

ನಾನು ಬಾಯಿ ತೆರೆಯುವ ಮೊದಲೇ, ಪಹಣಿ ಕಾಪಿ ಮಾಡಿಸಲು ಬಂದಿದ್ದ ಕೊಡ್ಲಿ ಊರಿನ ಒಬ್ಬ ಹಿರಿಯ ರೈತ ಮುಂದೆ ಬಾಗಿ ಫೋನಿಗೆ ಹೇಳಿದ: "ಆಗ್ತದ್ರೀ ಅವ್ವಾ! ಭಾಳ ಆಗ್ತದ!"

"ಇದು ಯಾರು ಸರ್?"

"ಗಿರಾಕಿ," ಅಂದೆ.

"ನಂದೂ ಬರಕೊಳ್ರಿ," ಅಂದ ಅವನು. "ಮೂರು ದಿನ ಆಯ್ತು. ಹೊಟ್ಟಿ ಕಲ್ಲಾಗ್ಯಾದ."

ಅವನ ಹಿಂದೆ ನಿಂತ ಮಾಸ್ತರರು, ತಮ್ಮದು ಬೆಳಿಗ್ಗೆ ಚಹಾ ಆದಮೇಲೆ ಮಾತ್ರ, ಅದೂ ಬಿಸಿ ಇರಬೇಕು ಅಂದರು. ಟೋಪಿ ಹಾಕಿಕೊಂಡ ಚಾಚಾ ಒಬ್ಬರು, ಇಸಬಗೋಲ ಹಾಲಿನಲ್ಲಿ ಬ್ಯಾಡ, ನೀರಿನಲ್ಲಿ ತಗೋರಿ ಎಂದು ಮಾಸ್ತರರಿಗೆ ಬುದ್ಧಿ ಹೇಳಿದರು. ಆರು ವರ್ಷದಿಂದ ನಾನೊಬ್ಬನೇ ಮುಚ್ಚಿಟ್ಟುಕೊಂಡಿದ್ದ ವಿಷಯಕ್ಕೆ ಇಷ್ಟು ಜನ ಕಾಯುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ.

ಹುಡುಗಿ ಗಾಬರಿಯಾಗಿ ಕೇಳಿದಳು: "ಸರ್, ಅವರಿಗೂ ಬೆನ್ನುಹುರಿಗೆ ಗಾಯವಾಗಿದೆಯೇ?"

ಕೊಡ್ಲಿಯವನು ತಾನೇ ಉತ್ತರ ಕೊಟ್ಟ: "ಗಾಯ ಇಲ್ರೀ. ಒಂದೇ ವಾರದಾಗ ಮೂರು ಲಗ್ನದ ಊಟ ಆಗ್ಯಾವ."

ಪಕ್ಕದ ಕುರ್ಚಿ

ಚಿತ್ತಾಪುರದಲ್ಲಿ ಪರಿಚಯದ ಒಬ್ಬ ಹಿರಿಯರ ಶ್ರದ್ಧಾಂಜಲಿ ಸಭೆ. ಹತ್ತಿರದ ಊರು, ಸಂಜೆಯೊಳಗೆ ಬರಬಹುದು ಎಂದು ಹೋದೆ. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು, ನಾನು ಕೂತೇ ಆಚರಿಸಿದೆ. ಆ ಮೌನದ ನಡುಮಧ್ಯೆ ಒಂದು ಸದ್ದಾಯಿತು. ಸಣ್ಣದಲ್ಲ. ಹಳೆಯ ಬಾಗಿಲು ತೆರೆದಂತೆ, ನಿಧಾನವಾಗಿ, ಕೊನೆಯ ತನಕ.

ಎಲ್ಲರ ತಲೆ ಬಾಗಿತ್ತು, ಕಣ್ಣು ನನ್ನ ಕಡೆ ತಿರುಗಿದವು. ನನ್ನ ಬಲಕ್ಕಿದ್ದ ನಿವೃತ್ತ ಹೆಡ್‌ಮಾಸ್ತರರು ದೊಡ್ಡ ಮನಸ್ಸಿನವರು. "ಕ್ಷಮಿಸಬೇಕ್ರಿ, ನಂದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸಭೆ ಮುಗಿದ ಮೇಲೆ ಕೈ ಹಿಡಿದುಕೊಂಡು ಧನ್ಯವಾದ ಹೇಳಹೋದೆ. ಅವರು ನನ್ನ ಕಿವಿಯ ಹತ್ತಿರ ಬಂದರು.

"ಖರೇ ಹೇಳಲೇನ್ರಿ? ಖರೇನೇ ನಂದು. ಮಂದಿ ನಿಮ್ಮದಂತ ತಿಳದು, ನನ್ನ ದೊಡ್ಡ ಮನುಷ್ಯಾ ಮಾಡ್ಯಾರ."

ನನಗೆ ಕೆಳಗಿನದು ತಿಳಿಯದಾದ್ದರಿಂದ, ಅದು ಅವರದೋ ನನ್ನದೋ ಎಂದು ಇವತ್ತಿಗೂ ಪ್ರಮಾಣ ಮಾಡಿ ಹೇಳಲಾರೆ. ಆದರೆ ಒಂದು ಬದಲಾವಣೆ ಕಂಡಿದ್ದೇನೆ. ಈಗ ಯಾವ ಸಭೆಗೆ ಹೋದರೂ ನನ್ನ ಪಕ್ಕದ ಕುರ್ಚಿಗಳು ಮೊದಲು ತುಂಬುತ್ತವೆ. ಊಟವಾದ ಮೇಲಿನ ಸಭೆಯಾದರೆ ನೂಕುನುಗ್ಗಲು.

ಅವತ್ತು ಮಾತ್ರ ನಗು ಬರಲಿಲ್ಲ. ಮನೆಗೆ ಬಂದು ತಂಗಿಗೆ ಫೋನು ಮಾಡಿ, ಮದುವೆಗೆ ನಾನು ಬರುವುದಿಲ್ಲ ಅಂದೆ.

ಅಕ್ಕಿಕಾಳು

ತಂಗಿಯ ಕೈಯಿಂದ ಫೋನು ಮದುವೆಯ ಹುಡುಗಿ ಕಸಿದುಕೊಂಡಳು. ನಮ್ಮ ಮನೆಯಲ್ಲಿದ್ದು ಕಾಲೇಜು ಓದಿದವಳು ಅವಳು. ನನ್ನ ಎಲ್ಲ ದಿನಗಳನ್ನೂ ಬಲ್ಲವಳು.

"ಮಾಮಾ, ನೀ ಬರಲಿಲ್ಲಂದ್ರ ನಾ ಮಂಟಪ ಹತ್ತಂಗಿಲ್ಲ."

"ನಮ್ಮ ಕಾಕಾನ ಮಗ ಇದ್ದಾನಲ್ಲವ್ವಾ. ಅವ ನಿಂದ್ರತಾನ."

"ನನಗ ನಿಂತವರು ಬ್ಯಾಡ. ಕುಂತವರೇ ಬೇಕು."

ಒಪ್ಪಿಕೊಂಡೆ. ಮುಹೂರ್ತ ತೆಗೆಯುವಾಗ ತಂಗಿ, ಲಗ್ನ ಮಾಡಿಸುವ ಅಯ್ಯನವರಿಗೆ ಶರತ್ತು ಹಾಕಿದಳು: "ನಮ್ಮಣ್ಣನ ದಿನ ಬಿಟ್ಟು ನೋಡ್ರಿ." ಅವರು ಕನ್ನಡಕ ತೆಗೆದರು. ಅಮಾವಾಸ್ಯೆ ಬಿಡುತ್ತೇನೆ, ಅಷ್ಟಮಿ ಬಿಡುತ್ತೇನೆ, ಇದ್ಯಾವ ದಿನ ಎಂದು ಕೇಳಿದರು. ತಂಗಿ ಕಿವಿಯಲ್ಲಿ ಹೇಳಿದಳು. ಅಯ್ಯನವರು ಗಂಭೀರವಾಗಿ ಬೆರಳು ಮಡಚಿ ಲೆಕ್ಕ ಹಾಕಿ ನಿನ್ನೆಯ ರವಿವಾರ ಕೊಟ್ಟರು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂದು ಪಂಚಾಂಗಕ್ಕೆ ಐದೇ ಅಂಗ. ನನ್ನಿಂದ ಆರನೆಯದು ಸೇರಿತು.

ಲೆಕ್ಕದ ಪ್ರಕಾರ ಶನಿವಾರ ನನ್ನ ದಿನ, ರವಿವಾರ ಬಿಡುವು. ಪ್ರಯಾಣಕ್ಕೆಂದು ಮಡಚುವ ಒಂದು ಕುರ್ಚಿ ತರಿಸಿದ್ದೆವು, ನಡುವೆ ತೂತು, ಕೆಳಗೆ ಬೋಗುಣಿ. ಶನಿವಾರ ತಂಗಿಯ ಮನೆಯಲ್ಲಿ ಅದರ ಮೇಲೆ ಕೂತೆ. ಒಂದು ತಾಸು. ಎರಡು ತಾಸು. ಹೊರಗೆ ಹಂದರ ಹಾಕುವವರು, ಹೂವಿನವರು, ನೆಂಟರು. ಏನೂ ಬರಲಿಲ್ಲ. ಕರುಳಿಗೂ ಪರಸ್ಥಳದಲ್ಲಿ ಸಂಕೋಚ ಇರುತ್ತದೆ ಎಂದು ಕಾಣುತ್ತದೆ.

ರವಿವಾರ ಹನ್ನೊಂದಕ್ಕೆ ಅಕ್ಕಿಕಾಳು. ಹತ್ತಕ್ಕೇ ನನ್ನನ್ನು ವೇದಿಕೆಯ ಮೇಲೆ ಕೂಡಿಸಿದರು. ಹುಡುಗ ವಾಡಿಯವನು. ಅವರ ಬಸ್ಸು ರೈಲ್ವೆ ಗೇಟಿನಲ್ಲಿ ಸಿಕ್ಕಿಬಿತ್ತು. ಒಂದು ಗೂಡ್ಸ್ ಗಾಡಿ ಹೋಯಿತಂತೆ, ಇನ್ನೊಂದು ಬಂತಂತೆ. ಅವರು ಬಂದು ತಲುಪುವಷ್ಟರಲ್ಲಿ ಹನ್ನೆರಡೂವರೆ. ಎಲ್ಲರ ಕೈಗೂ ಅಕ್ಕಿಕಾಳು ಹಂಚಿದರು. ಅಯ್ಯನವರು ಮೈಕ್ ಹಿಡಿದರು. ಆಗ ನನ್ನ ಮುಂಗೈ ಕೂದಲು ನೆಟ್ಟಗೆ ನಿಂತವು, ಹಣೆ ಬೆವರಿತು.

ಕೆಳಗಿನಿಂದ ನನಗೆ ಬರುವ ಸುದ್ದಿ ಇದೊಂದೇ. ಇದು ಬಂದರೆ ತಡಮಾಡುವಂತಿಲ್ಲ. ರಕ್ತದ ಒತ್ತಡ ಏರಿ ತಲೆಗೆ ಹೊಡೆಯುತ್ತದೆ, ಜೀವಕ್ಕೇ ಬರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಎದ್ದು ಹೋದರೆ ಮದುವೆ ನಿಲ್ಲುತ್ತದೆ. ಕೂತರೆ ನಾನು ನಿಲ್ಲುತ್ತೇನೆ.

ಮುಂದಿನ ಸಾಲಿನ ಹೆಂಗಸರು ನನ್ನನ್ನು ನೋಡಿ ಸೆರಗು ಕಣ್ಣಿಗೆ ಒತ್ತಿಕೊಂಡರು. "ನೋಡವ್ವಾ, ಹುಡುಗಿ ಹೊಂಟಾಳಂತ ಹ್ಯಾಂಗ ಬೆವತಾನ! ಸೋದರಮಾವಂದ್ರ ಹಿಂಗ ಇರಬೇಕು." ಹುಡುಗಿ ಹಿಂತಿರುಗಿ ನನ್ನ ಕೈ ನೋಡಿದಳು. ಮೈಕ್ ಅವಳ ಬಾಯಿಯ ಹತ್ತಿರವೇ ಇತ್ತು.

"ಮಾಮಾ, ಕೂದಲ ನಿಂತಾವ. ಬಂತೇನ?"

ಮಂಟಪದ ನಾಲ್ಕೂ ಮೂಲೆಯ ಸ್ಪೀಕರ್ ಡಬ್ಬಿಗಳಿಂದ ಈ ಪ್ರಶ್ನೆ ಹೊರಬಂತು. ಹುಡುಗನ ಅಜ್ಜ ಎದ್ದು ನಿಂತ: "ಏನ ಬಂತು?"

ಅಯ್ಯನವರು ಮೈಕಿನಲ್ಲೇ ಶಾಂತವಾಗಿ ಹೇಳಿದರು: "ಯಾರೂ ಗಡಬಡ ಮಾಡಬ್ಯಾಡ್ರಿ. ಸೋದರಮಾವಗ ಹೊಟ್ಟಿ ಕೆಲಸ ಬಂದದ. ಒಂದೂವರೆಗೆ ಇನ್ನೊಂದು ಮುಹೂರ್ತ ಅದ. ಅಕ್ಕಿಕಾಳು ಕೈಯಾಗೇ ಇರಲಿ. ಬಾಜಾ ಬಾರಿಸಿದಾಗ ಒಗೀರಿ."

"ಸಂಡಾಸದ ಸಲುವಾಗಿ ಲಗ್ನ ನಿಲ್ಲಸ್ತಾರೇನು?" ಅಂದ ಅಜ್ಜ.

ಹುಡುಗಿ ಬಾಸಿಂಗ ಸರಿಮಾಡಿಕೊಂಡು ಹೇಳಿದಳು: "ಅಜ್ಜಾ, ನಿಮ್ಮ ಗೂಡ್ಸ್ ಗಾಡಿ ಹೋಗೂತನ ನಾವು ಕಾಯ್ದೀವಿ. ನಮ್ಮದು ಹೋಗೂತನ ನೀವು ಕಾಯ್ರಿ."

ಹುಡುಗ ನಕ್ಕುಬಿಟ್ಟ. ಅಜ್ಜ ಕೂತ.

ವೇದಿಕೆಯ ಪಕ್ಕದಲ್ಲೇ ಮದುಮಗಳ ಕೋಣೆ. ಚಿಲಕವಿದ್ದ ಕೋಣೆ ಅದೊಂದೇ. ಮಡಚುವ ಕುರ್ಚಿ ಬಂತು, ನನ್ನನ್ನು ಕೂಡಿಸಿದರು, ಹೆಂಡತಿ ಗವಸು ಹಾಕಿದಳು. ಆಗ ನೋಡುತ್ತೇವೆ, ಗೋಡೆ ಮಾಳಿಗೆಯ ತನಕ ಇಲ್ಲವೇ ಇಲ್ಲ, ಅರ್ಧಕ್ಕೆ ನಿಂತಿದೆ. ಒಳಗಿನ ಪ್ರತಿಯೊಂದು ಸದ್ದೂ ಸೀದಾ ಮಂಟಪಕ್ಕೆ. ಮೊಬೈಲು ಎಲ್ಲಿಯೋ ಉಳಿದಿತ್ತು. ಹೆಂಡತಿ ಬಾಗಿಲು ಸ್ವಲ್ಪ ತೆರೆದು, ಹೊರಗೆ ನಿಂತಿದ್ದ ಬ್ಯಾಂಡಿನ ಮೇಸ್ತ್ರಿಗೆ ಹೇಳಿದಳು: "ಅಣ್ಣಾ, ನಿಮ್ಮ ಕಾಲ ಬೀಳತೀನಿ. ಎಷ್ಟು ಜೋರ ಆಗ್ತದೋ ಅಷ್ಟು ಜೋರ ಬಾರಿಸ್ರಿ."

ಅವನು ಒಳ್ಳೆಯ ಮನುಷ್ಯ. ಪ್ರಶ್ನೆ ಕೇಳಲಿಲ್ಲ. ಕೈ ಎತ್ತಿದ. ಡೋಲು, ತುತ್ತೂರಿ, ಕ್ಲಾರಿನೆಟ್ ಎಲ್ಲ ಒಮ್ಮೆಗೇ ಸಿಡಿದವು.

ಅಷ್ಟು ಹೊತ್ತು ಬೆವರುವ ಮುಷ್ಟಿಯಲ್ಲಿ ಅಕ್ಕಿ ಹಿಡಿದು ಬಾಜಾಕ್ಕೆ ಕಿವಿಗೊಟ್ಟು ಕೂತಿದ್ದ ಮಂದಿ ಎದ್ದು ನಿಂತು, ಒಬ್ಬರೂ ತಪ್ಪದೆ, ಒಗೆದರು. "ತಡೀರಿ! ಇದು ಆ ಬಾಜಾ ಅಲ್ರೀ!" ಎಂದು ಅಯ್ಯನವರು ಮೈಕಿನಲ್ಲಿ ಕೂಗುತ್ತಿದ್ದರು. ಯಾರಿಗೆ ಕೇಳಬೇಕು? ಹಿಂದಿನ ಸಾಲಿನವರು ಜೋರಾಗಿ ಒಗೆದ ಎರಡು ಮುಷ್ಟಿ ಅಕ್ಕಿ ಅರ್ಧಗೋಡೆ ದಾಟಿ ಬಂದು ನಮ್ಮಿಬ್ಬರ ತಲೆಯ ಮೇಲೆ ಬಿತ್ತು. ಹೆಂಡತಿ ಗವಸಿನ ಕೈ ಮೇಲೆತ್ತಿಕೊಂಡು ನನ್ನನ್ನು ನೋಡಿದಳು.

"ನೋಡ್ರಿ, ನಮ್ಮ ಲಗ್ನ ಮತ್ತೊಮ್ಮಿ ಆಯ್ತು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಎರಡು ದಿನ ಹಟ ಹಿಡಿದದ್ದು ಆ ನಗುವಿನಲ್ಲಿ ಸಲೀಸಾಗಿ ಬಂದುಬಿಟ್ಟಿತು. ನನ್ನ ದಿನ ಶನಿವಾರದಿಂದ ರವಿವಾರಕ್ಕೆ ಸರಿಯಿತು.

ನಾನು ಮರಳಿ ವೇದಿಕೆಗೆ ಬಂದಾಗ ಹುಡುಗಿ ಕಣ್ಣಲ್ಲೇ ಕೇಳಿದಳು, ನಾನು ತಲೆಯಾಡಿಸಿದೆ. ಅಯ್ಯನವರು "ಆಯ್ತಂತ್ರಿ" ಎಂದು ಮೈಕಿನಲ್ಲಿ ಸಾರಿದರು. ಚಪ್ಪಾಳೆ ಬಿತ್ತು. ಹುಡುಗನ ಅಜ್ಜನೂ ತಟ್ಟಿದ. ಆದರೆ ಒಗೆಯಲು ಅಕ್ಕಿ ಇರಲಿಲ್ಲ. ಅಡುಗೆಯವರನ್ನು ಕೇಳಿದರೆ ಎಲ್ಲ ಅನ್ನವಾಗಿದೆ ಅಂದರು. ಉಳಿದದ್ದು ಒಂದು ಚೀಲ ತೊಗರಿಬೇಳೆ. ಹೀಗಾಗಿ ನನ್ನ ಸೋದರಸೊಸೆಯ ತಲೆಯ ಮೇಲೆ ಬಿದ್ದದ್ದು ಬೇಳೆ. ಬಣ್ಣ ಹೇಗೂ ಹಳದಿ, ಅರಿಶಿನ ಕಲಸುವ ಕೆಲಸ ಉಳಿಯಿತು. ಕೊನೆಯ ಕಾಳು ಬೀಳುವ ತನಕ ನಾನು ಅವಳ ಬೆನ್ನ ಹಿಂದೆಯೇ ಇದ್ದೆ.

ಊಟವಾದ ಮೇಲೆ ಭಾವನಿಗೆ, ಅಂದರೆ ತಂಗಿಯ ಗಂಡನಿಗೆ, ಚಿಂತೆ ಹತ್ತಿತು. ಬ್ಯಾಂಡಿನವರು ಎರಡು ಸಲ ಬಾರಿಸಿದ್ದಾರೆ, ಅದರಲ್ಲಿ ಒಂದು ಸಲ ಇಂಥ ಕೆಲಸಕ್ಕೆ, ಏನು ಕೇಳುತ್ತಾರೋ ಎಂದು. ಬ್ಯಾಂಡಿನ ಮೇಸ್ತ್ರಿ ಭಾವನ ಹತ್ತಿರ ಹೋಗಲಿಲ್ಲ, ನನ್ನ ಹತ್ತಿರ ಬಂದ. ಸುತ್ತ ಯಾರೂ ಇಲ್ಲದ್ದು ನೋಡಿ ಪಕ್ಕದಲ್ಲಿ ಕೂತ.

"ಸರ, ನಮ್ಮಣ್ಣ ಕಲ್ಲಿನ ಖಣಿಯಾಗ ಬಿದ್ದು ನಿಮ್ಮಂಗೇ ಆಗ್ಯಾನ. ಎರಡು ವರ್ಷ ಆಯ್ತು, ಹೊಸ್ತಿಲ ದಾಟಿಲ್ಲ. ಬಂದುಬಿಟ್ಟೀತಂತ ಊಟಾನೇ ಬಿಟ್ಟಾನ. ಒಳಗ ನಿಮಗ ಏನ್ ಮಾಡಿದ್ರು, ಹೇಳತೀರೇನು? ನಮಗ ಯಾರೂ ಹೇಳಿಲ್ರೀ."

ಹೇಳಿದೆ. ಏನು ತಿನ್ನಬೇಕು, ಯಾವಾಗ ಕೂಡಿಸಬೇಕು, ಬೆರಳು ಹೇಗೆ, ಎಷ್ಟು ಹೊತ್ತು, ಕೂದಲು ನಿಂತರೆ ಏನು. ಆರು ವರ್ಷದಲ್ಲಿ ನಾನು ಒಟ್ಟಿಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ಅವನು ತುತ್ತೂರಿ ತೊಡೆಯ ಮೇಲಿಟ್ಟುಕೊಂಡು, ಹೊಸ ಮಟ್ಟು ಕಲಿಯುವವನಂತೆ ಬೆರಳು ಆಡಿಸುತ್ತ ಕೇಳಿದ.

ಸಂಜೆ ಹೆಣ್ಣು ಕಳಿಸಿಕೊಟ್ಟು, ಅತ್ತು, ಮುಖ ತೊಳೆದು, ತಂಗಿ ನನ್ನ ಹತ್ತಿರ ಬಂದು ಕೂತಳು.

"ಬ್ಯಾಂಡಿನವ ನಮ್ಮನಿಯವರ ಕಡಿಂದ ಮೊದಲ ಮಾತಾಡಿದ್ದಷ್ಟೇ ತಗೊಂಡಾನಂತ. ಮ್ಯಾಲಿಂದು ನಿನ್ನ ಕಡಿಂದ ಮುಟ್ಟ್ಯಾದ ಅಂದನಂತ. ಅಣ್ಣಾ, ಅವಗ ಏನ್ ಕೊಟ್ಟಿ?"

ನಾನು ಗಾಲಿಕುರ್ಚಿಯ ಬ್ರೇಕು ಸರಿಮಾಡತೊಡಗಿದೆ.

"ಅವರ ಟೆಂಪೋ ಹೋಗಾಗ ನೋಡೀನಿ. ಹಿಂದ ಡೋಲಿನವ ಒಂದು ಕುರ್ಚಿ ಮ್ಯಾಲ ರಾಜಾನಂಗ ಕುಂತಿದ್ದ. ನಡುವ ತೂತ ಇತ್ತು. ಅದು ನಿಂದೇನ?"

"ಹೌದು," ಅಂದೆ. "ತೊಳದೇ ಕೊಟ್ಟೀನಿ."